ಜೂಜು ಬಿಟ್ಟವರ ಸಂಗ

ಜೂಜು ಬಿಟ್ಟವರು ಒಂದೆಡೆ ಕೂತು, ಬಿಡಲು ಹೆಣಗುತ್ತಿರುವವರ ಕೈಹಿಡಿಯುವ ಕೂಟಗಳಿಗೆ ಕರ್ನಾಟಕದಲ್ಲಿ ದೀರ್ಘ ಚರಿತ್ರೆಯಿಲ್ಲ. ಜೂಜಿಗೆ ಇದೆ, ಜೂಜನ್ನು ತಡೆಯುವ ಕಾನೂನಿಗೂ ಇದೆ. ಉಪದೇಶಕ್ಕಂತೂ ಯಾವ ಕಾಲದಲ್ಲೂ ಬರ ಬಂದಿಲ್ಲ. ಇವೆಲ್ಲದರ ನಡುವೆ ಸೋತು ಕೂತವನಿಗೆ ಜೊತೆ ಯಾರು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ತಡವಾಗಿ, ಅದೂ ಕುಡಿತ ಬಿಟ್ಟವರ ಮೂಲಕ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸೀಮೆಯಿಂದ ನೋಡಿದರೆ ಈ ಚರಿತ್ರೆಯ ಎಳೆಗಳೆಲ್ಲ ಕಣ್ಣಿಗೆ ಬೀಳುತ್ತವೆ. ಆಂಧ್ರದ ಗಡಿ, ಬೆಂಗಳೂರಿನ ಸಾಮೀಪ್ಯ, ರೇಷ್ಮೆಗೂಡು ಮತ್ತು ಟೊಮೆಟೊದ ಏರಿಳಿತದ ಪೇಟೆ, ಊರೂರಿನ ಭಾರತಕಥೆ ಎಲ್ಲವೂ ಇಲ್ಲಿ ಒಟ್ಟಿಗಿವೆ.

ಭಾರತಕಥೆಯ ಮಾತು ಅಲಂಕಾರಕ್ಕೆ ಬಂದದ್ದಲ್ಲ. ಈ ಸೀಮೆಯ ಜನ ಜೂಜಿನ ಬಗ್ಗೆ ತಿಳಿದದ್ದು ಮೊದಲು ಕಾನೂನಿನಿಂದಲ್ಲ, ನಾಟಕ ಮತ್ತು ಕೇಳಿಕೆಗಳಿಂದ. ಚಿಂತಾಮಣಿ ತಾಲ್ಲೂಕಿನ ಕೈವಾರವನ್ನು ಏಕಚಕ್ರಪುರವೆಂದು, ಅರಗಿನ ಮನೆಯಿಂದ ಪಾರಾದ ಪಾಂಡವರು ತಂಗಿದ ಊರೆಂದು ನಂಬುತ್ತಾರೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಆ ಹೆಸರು ಬಂದದ್ದು ವಿದುರ ನೆಟ್ಟನೆಂಬ ಅರಳಿಮರದಿಂದ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಿಗಳ ಮೇಲೆ ನಡೆದ ಗೋಲಿಬಾರಿನಿಂದ ನಾಡಿಗೆಲ್ಲ ಪರಿಚಿತವಾದ ಈ ಊರು, ಪುರಾಣದಲ್ಲಿ ಜೂಜು ಬೇಡವೆಂದು ಎದ್ದುನಿಂತು ಹೇಳಿದವನ ಹೆಸರು ಹೊತ್ತಿದೆ. ವಿದುರನ ಮಾತು ನಡೆಯಲಿಲ್ಲ. ಬೇಡವೆಂದವನನ್ನೇ ಪಾಂಡವರನ್ನು ಆಟಕ್ಕೆ ಕರೆತರಲು ಕಳಿಸಲಾಯಿತು. ಇನ್ನು ಹೆಂಡತಿಯನ್ನು ಪಣಕ್ಕಿಟ್ಟ ಧರ್ಮರಾಯ ಬೆಂಗಳೂರು, ಹೊಸಕೋಟೆ, ಕೋಲಾರದ ಕಡೆ ಗುಡಿಯ ದೇವರು. ಪಣವಾದ ದ್ರೌಪದಿ ಕರಗದ ಶಕ್ತಿ. ಜೂಜಿನಲ್ಲಿ ಎಲ್ಲವನ್ನೂ ಕಳೆದುಕೊಂಡವನನ್ನು ಊರು ಹೊರಗಟ್ಟಲಿಲ್ಲ, ಕೈಮುಗಿಯಿತು. ಈ ಉದಾರತೆ ಊರಿನ ಜೂಜುಕೋರನಿಗೆ ಸಿಗಲಿಲ್ಲ ಎಂಬುದು ಬೇರೆ ಮಾತು.

ಸೋತವನಿಗೆ ಸೋತವನ ಕಥೆಯೇ ಮದ್ದು ಎಂಬ ತಿಳಿವಳಿಕೆಯೂ ಮಹಾಭಾರತದಲ್ಲೇ ಇದೆ. ಕಾಡು ಸೇರಿದ ಧರ್ಮರಾಯ ತನ್ನಷ್ಟು ಕೆಟ್ಟವನು ಲೋಕದಲ್ಲಿ ಇನ್ನೊಬ್ಬನಿದ್ದಾನೆಯೇ ಎಂದು ಕೊರಗುವಾಗ ಬೃಹದಶ್ವ ಮುನಿ ಅವನಿಗೆ ನೀತಿ ಬೋಧಿಸುವುದಿಲ್ಲ. ಪುಷ್ಕರನ ಕೈಯಲ್ಲಿ ಸೋತು ಉಟ್ಟ ಬಟ್ಟೆಯನ್ನೂ ಕಳೆದುಕೊಂಡ ನಳನ ಕಥೆ ಹೇಳುತ್ತಾನೆ. ಕನ್ನಡದಲ್ಲಿ ಕನಕದಾಸರ ನಳಚರಿತ್ರೆಯಿಂದ ಮನೆಮಾತಾದ ಕಥೆ ಇದೇ. ‘ನಿನ್ನ ಹಾಗೆಯೇ ಇನ್ನೊಬ್ಬ ಇದ್ದ, ಅವನು ಬದುಕಿಕೊಂಡ’ ಎಂಬ ಒಂದು ಸಮಾಧಾನದ ಮೇಲೆಯೇ ಇಪ್ಪತ್ತನೆಯ ಶತಮಾನದ ಕೂಟಗಳೆಲ್ಲ ನಿಂತಿವೆ. ಆದರೆ ಬೃಹದಶ್ವ ಕಥೆ ಮುಗಿಸಿ ಧರ್ಮರಾಯನಿಗೆ ಪಗಡೆಯ ರಹಸ್ಯವನ್ನೂ ಕಲಿಸಿಕೊಡುತ್ತಾನೆ. ಮುಂದಿನ ಸಲ ಗೆಲ್ಲಲಿ ಎಂದು ಮಾಡಿದ ಈ ಉಪಕಾರವನ್ನು ಇಂದಿನ ಯಾವ ಕೂಟವೂ ಒಪ್ಪಲಾರದು.

ಸೀಮೆಯ ಜೂಜು ಬಹುಕಾಲ ಹಬ್ಬಕ್ಕೆ ಅಂಟಿಕೊಂಡಿತ್ತು. ಹಳೆ ಮೈಸೂರಿನ ಬೇರೆ ಕಡೆಗಳಂತೆ ಇಲ್ಲಿಯೂ ಯುಗಾದಿ ಮತ್ತು ಅದರ ಮರುದಿನದ ಹೊಸತೊಡಕು ಇಸ್ಪೀಟಿನ ದಿನಗಳು. ವರ್ಷವಿಡೀ ಎಲೆ ಮುಟ್ಟದವರೂ ಅಂದು ಅರಳಿಕಟ್ಟೆಯಲ್ಲಿ ಕೂರುತ್ತಾರೆ. ಸಂಕ್ರಾಂತಿಗೆ ಗಡಿಯಾಚೆ ಆಂಧ್ರದಲ್ಲಿ ಕೋಳಿ ಪಂದ್ಯದ ಅಬ್ಬರ. ಅದರ ಗಾಳಿ ಈಚೆಗೂ ಬೀಸುತ್ತದೆ. ಹಬ್ಬದಾಟಕ್ಕೆ ಒಂದು ಮಿತಿ ಇತ್ತು: ದಿನ ಮುಗಿದರೆ ಆಟ ಮುಗಿಯಿತು. ಚಟ ಹುಟ್ಟುವುದು ಹಬ್ಬ ಮುಗಿದ ಮೇಲೂ ಎಲೆ ಬೀಳತೊಡಗಿದಾಗ. ತೋಪಿನ ಮರದ ಕೆಳಗೆ, ಕೆರೆ ಅಂಗಳದಲ್ಲಿ, ಪಾಳುಬಿದ್ದ ಕಟ್ಟಡದಲ್ಲಿ ಅಂದರ್ ಬಾಹರ್ ಆಟಕ್ಕೆ ಜನ ಸೇರುತ್ತಾರೆ. ಈ ಆಟಕ್ಕೆ ಲೆಕ್ಕವೂ ಬೇಡ, ನೆನಪೂ ಬೇಡ. ಎಲೆ ಒಳಗೆ ಬೀಳುತ್ತದೋ ಹೊರಗೆ ಬೀಳುತ್ತದೋ ಅಷ್ಟೆ. ಆದ್ದರಿಂದಲೇ ಒಂದು ಗಂಟೆಯಲ್ಲಿ ಕಳೆದುಕೊಳ್ಳಬಹುದಾದ ಹಣಕ್ಕೆ ಮಿತಿಯಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ ಇದೂ ಒಂದು ಕೂಟ. ಸೋತವನಿಗೆ ಕೈಸಾಲ ಕೊಡುವವನು, ಬೀಡಿ ಚಾಚುವವನು, ನಾಳೆ ಬಾ ಎನ್ನುವವನು ಎಲ್ಲರೂ ಆ ಸುತ್ತಿನಲ್ಲೇ ಇದ್ದರು. ಜೂಜು ಬಿಟ್ಟವನು ಹಣ ಕಳೆಯುವುದನ್ನು ನಿಲ್ಲಿಸುವುದರ ಜೊತೆಗೆ ತನ್ನ ಇಡೀ ಸ್ನೇಹವರ್ಗವನ್ನೂ ಬಿಡಬೇಕಾಗಿತ್ತು.

ಪ್ರಭುತ್ವ ಕಂಡದ್ದು ಸುತ್ತನ್ನು ಮಾತ್ರ, ಸುತ್ತಿನಲ್ಲಿ ಕೂತವನನ್ನಲ್ಲ. ಕೌಟಿಲ್ಯನ ಅರ್ಥಶಾಸ್ತ್ರ ದ್ಯೂತಾಧ್ಯಕ್ಷನೆಂಬ ಅಧಿಕಾರಿಯನ್ನು ನೇಮಿಸಿ, ಜೂಜನ್ನು ಒಂದೇ ಕಡೆ ನಡೆಸಿ, ಗೆದ್ದದ್ದರಲ್ಲಿ ನೂರಕ್ಕೆ ಐದನ್ನು ವಸೂಲು ಮಾಡಲು ಹೇಳಿತು. ಬ್ರಿಟಿಷರ 1867ರ ಸಾರ್ವಜನಿಕ ಜೂಜು ಕಾಯಿದೆ ಜೂಜುಮನೆಗಳನ್ನು ಅಪರಾಧದ ನೆಲೆಯೆಂದು ಸಾರಿತು. ಕರ್ನಾಟಕದಲ್ಲಿ ಈಗಿರುವುದು 1963ರ ಪೊಲೀಸ್ ಕಾಯಿದೆ. ಬೀದಿಬದಿಯ ಜೂಜಿಗೆ ಕಲಂ 87, ಜೂಜುಮನೆ ನಡೆಸುವವನಿಗೆ 79, ಅಲ್ಲಿ ಸಿಕ್ಕಿಬಿದ್ದವನಿಗೆ 80, ಮಟ್ಕಾಕ್ಕೆ 78. ಸೀಮೆಯ ಠಾಣೆಗಳ ವರದಿಗಳಲ್ಲಿ ಈ ಸಂಖ್ಯೆಗಳು ಎಡೆಬಿಡದೆ ಬರುತ್ತವೆ: 52 ಇಸ್ಪೀಟ್ ಎಲೆ, ನೆಲಕ್ಕೆ ಹಾಸಿದ ಹಳೆಯ ಪೇಪರ್, ಪಣಕ್ಕಿಟ್ಟ ಹಣ, ಓಡಿಹೋದ ಇಬ್ಬರು. ದಂಡ ಕಟ್ಟಿ ಹೊರಬಂದವನು ಮತ್ತೆ ಅದೇ ತೋಪಿಗೆ ಹೋದರೆ ಕಾಯಿದೆಯ ಬಳಿ ಇರುವುದು ಇನ್ನೊಂದು ದಂಡ ಮಾತ್ರ.

1957 ಈ ಚರಿತ್ರೆಯಲ್ಲಿ ವಿಚಿತ್ರ ವರ್ಷ. ಆ ವರ್ಷದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಮೊಕದ್ದಮೆಯ ಬೇರು ಬೆಂಗಳೂರಿನಲ್ಲಿತ್ತು. ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ಎಂಬ ಉದ್ಯಮಿ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆಯನ್ನು ಬೆಂಗಳೂರಿನಲ್ಲಿ ಅಚ್ಚುಹಾಕಿ, ಅದರ ಮೂಲಕ ಪದಬಂಧ ಸ್ಪರ್ಧೆಗಳನ್ನು ನಡೆಸುತ್ತಿದ್ದರು. ಪ್ರವೇಶಶುಲ್ಕ ಕಟ್ಟಿ ಪದ ತುಂಬಿ ಕಳಿಸಿದರೆ ದೊಡ್ಡ ಬಹುಮಾನದ ಆಸೆ. ಮುಂಬಯಿ ರಾಜ್ಯ 1948ರಲ್ಲಿ ಇಂಥ ಸ್ಪರ್ಧೆಗಳ ಮೇಲೆ ನಿಯಂತ್ರಣ ಮತ್ತು ತೆರಿಗೆಯ ಕಾಯಿದೆ ತಂದಿತ್ತು. ಹೊರರಾಜ್ಯದಲ್ಲಿ ಅಚ್ಚಾಗಿ ಮುಂಬಯಿಯಲ್ಲಿ ಹಂಚಿಕೆಯಾಗುವ ಪತ್ರಿಕೆಗಳಿಗೂ ಅದನ್ನು 1952ರಲ್ಲಿ ವಿಸ್ತರಿಸಿತು. ಮೈಸೂರು ರಾಜ್ಯದ ನೆಲದಿಂದ ನಡೆಯುವ ವ್ಯಾಪಾರಕ್ಕೆ ಮುಂಬಯಿ ಕೈಹಾಕಬಹುದೇ ಎಂಬುದು ಒಂದು ಪ್ರಶ್ನೆಯಾದರೆ, ಜೂಜು ವ್ಯಾಪಾರವೇ ಹೌದೇ ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಬರೆದ ತೀರ್ಪು ಋಗ್ವೇದದ ಜೂಜುಗಾರನ ಸೂಕ್ತ, ಮಹಾಭಾರತ, ಸ್ಮೃತಿಗಳನ್ನೆಲ್ಲ ನೆನೆದು, ಜೂಜು ವ್ಯಾಪಾರವಲ್ಲ, ಸಂವಿಧಾನದ ವೃತ್ತಿಸ್ವಾತಂತ್ರ್ಯ ಅದಕ್ಕೆ ಸಲ್ಲದು ಎಂದು ತೀರ್ಮಾನಿಸಿತು. ಕೌಶಲ ಮುಖ್ಯವಾದ ಸ್ಪರ್ಧೆ ಮಾತ್ರ ವ್ಯಾಪಾರವೆನಿಸುತ್ತದೆ ಎಂಬ ಒಂದು ಗೆರೆಯನ್ನೂ ಎಳೆಯಿತು. 1967ರಲ್ಲಿ ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೊಕದ್ದಮೆಯಲ್ಲಿ, ಬಿದ್ದ ಎಲೆಗಳನ್ನು ನೆನಪಿಟ್ಟು ಆಡಬೇಕಾದ ರಮ್ಮಿ ಕೌಶಲದ ಆಟವೆಂದು ಅದೇ ಕೋರ್ಟು ಹೇಳಿತು. ಮುಂದೆ ಪಟ್ಟಣಗಳಲ್ಲಿ ಬೋರ್ಡು ತೂಗಿಸಿದ ರಿಕ್ರಿಯೇಷನ್ ಕ್ಲಬ್ಬುಗಳಿಗೂ ಅದಕ್ಕೂ ಮುಂದೆ ಬಂದ ಮೊಬೈಲ್ ಆಟಗಳಿಗೂ ಆಸರೆಯಾದದ್ದು ಈ ಗೆರೆಯೇ. ನ್ಯಾಯಾಲಯ ಆಟವನ್ನು ತೂಗಿ ನೋಡಿತು. ಆಡುವವನ ಚಟಕ್ಕೆ ಕೌಶಲ, ಅದೃಷ್ಟಗಳ ಭೇದ ತಿಳಿಯದು.

ಅದೇ 1957ರ ಸೆಪ್ಟೆಂಬರ್ 13ರಂದು ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಜೂಜು ಬಿಡಬೇಕೆಂದವರ ಮೊದಲ ಕೂಟ ಸೇರಿತು. ವರ್ಷದ ಆರಂಭದಲ್ಲಿ ಪರಸ್ಪರ ಭೇಟಿಯಾದ ಇಬ್ಬರು ಜೂಜುಕೋರರು ಮಾತಾಡುತ್ತ ಹೋದಷ್ಟು ದಿನ ಆಟಕ್ಕೆ ಇಳಿಯಲಿಲ್ಲ ಎಂಬ ಅನುಭವವೇ ಅದಕ್ಕೆ ಮೂಲ. ಗ್ಯಾಂಬ್ಲರ್ಸ್ ಅನಾನಿಮಸ್ ಎಂಬ ಹೆಸರಿನ ಈ ಕೂಟ ಪದ್ಧತಿಯನ್ನು ತಾನೇ ಹುಟ್ಟಿಸಲಿಲ್ಲ. 1935ರಲ್ಲಿ ಒಹಾಯೋದ ಆಕ್ರನ್ನಿನಲ್ಲಿ ಒಬ್ಬ ಷೇರುಪೇಟೆಯವನೂ ಒಬ್ಬ ವೈದ್ಯನೂ ಸೇರಿ ಕಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಹನ್ನೆರಡು ಮೆಟ್ಟಿಲುಗಳನ್ನು ತನಗೆ ಹೊಂದಿಸಿಕೊಂಡಿತು. ಮನೆತನದ ಹೆಸರು ಹೇಳುವಂತಿಲ್ಲ, ಶುಲ್ಕವಿಲ್ಲ, ಮೇಲಧಿಕಾರಿಯಿಲ್ಲ. ಎದ್ದು ನಿಂತವನು ತನ್ನ ಕಥೆ ಹೇಳುತ್ತಾನೆ. ಉಳಿದವರು ಬುದ್ಧಿ ಹೇಳದೆ ಕೇಳುತ್ತಾರೆ. ಹೊಸಬನ ಮುಂದೆ ಇಪ್ಪತ್ತು ಪ್ರಶ್ನೆಗಳನ್ನಿಡುತ್ತಾರೆ: ಸೋತದ್ದನ್ನು ಮರಳಿ ಪಡೆಯಲು ಮತ್ತೆ ಆಡಿದ್ದುಂಟೇ, ಆಟಕ್ಕಾಗಿ ಸಾಲ ಮಾಡಿದ್ದುಂಟೇ, ಮನೆಯವರಿಗೆ ತೊಂದರೆಯಾಗಿದೆಯೇ ಎಂಬಂಥವು. ಏಳಕ್ಕಾದರೂ ಹೌದೆಂದರೆ ಚಟ ಹತ್ತಿದೆ ಎಂದು ಅವನೇ ತಿಳಿದುಕೊಳ್ಳಬೇಕು.

ಕುಡುಕರ ಕೂಟದಲ್ಲಿ ಇಲ್ಲದ ಒಂದು ಏರ್ಪಾಡನ್ನು ಜೂಜುಕೋರರ ಕೂಟ ತಾನೇ ಕಂಡುಕೊಂಡಿತು. ಕುಡಿತ ಬಿಟ್ಟವನ ಮೈ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳಬಹುದು. ಜೂಜು ಬಿಟ್ಟವನ ಸಾಲ ಅವನು ಬಿಟ್ಟ ಮರುದಿನದಿಂದ ಬಾಗಿಲು ತಟ್ಟುತ್ತದೆ. ಸಾಲಗಾರರ ಕಾಟ ತಾಳದೆ, ಒಂದೇ ಒಂದು ಸಲ ಆಡಿ ಎಲ್ಲ ತೀರಿಸಿಬಿಡೋಣ ಎಂಬ ಯೋಚನೆ ಬರುವುದು ಆಗಲೇ. ಹಾಗಾಗಿ ಹಳೆಯ ಸದಸ್ಯರು ಹೊಸಬನನ್ನೂ ಅವನ ಹೆಂಡತಿಯನ್ನೂ ಕೂರಿಸಿಕೊಂಡು ಸಾಲದ ಪೂರ್ತಿ ಪಟ್ಟಿ ಮಾಡಿಸುತ್ತಾರೆ, ಮನೆಖರ್ಚು ಮೊದಲು ಎಂದು ಎತ್ತಿಡಿಸುತ್ತಾರೆ, ಉಳಿದದ್ದರಲ್ಲಿ ಯಾರಿಗೆ ಎಷ್ಟು ಎಂದು ಕಂತು ಕಟ್ಟುತ್ತಾರೆ. ಹಣದ ಹಿಡಿತ ಹೆಂಡತಿಯ ಕೈಗೆ ಹೋಗುತ್ತದೆ. ಸಾಲ ತೀರಿಸಲು ಹೊಸ ಸಾಲ ಮಾಡಬಾರದೆಂಬುದು ಇದರ ಕಟ್ಟುನಿಟ್ಟು. ಮನೆಯವರಿಗೇ ಬೇರೊಂದು ಕೂಟವೂ ಹುಟ್ಟಿಕೊಂಡಿತು. ಮೆಟ್ಟಿಲುಗಳ ಆಧ್ಯಾತ್ಮವನ್ನು ಒಪ್ಪದವರೂ ಈ ಸಾಲದ ಪಟ್ಟಿಯ ಬೆಲೆಯನ್ನು ಒಪ್ಪಬೇಕು.

ಭಾರತಕ್ಕೆ ಕುಡುಕರ ಕೂಟ ಬಂದದ್ದೂ 1957ರಲ್ಲೇ, ದೆಹಲಿ ಮತ್ತು ಮುಂಬಯಿಗಳ ಮೂಲಕ. ಕ್ರಮೇಣ ಬೆಂಗಳೂರಿನಲ್ಲಿ ಕನ್ನಡದಲ್ಲೂ ಸಭೆಗಳು ನಡೆಯತೊಡಗಿದವು. ಜೂಜುಕೋರರ ಕೂಟ ಮಾತ್ರ ಕೆಲವು ಮಹಾನಗರಗಳಾಚೆ ಬೇರುಬಿಡಲಿಲ್ಲ. ಕುಡಿತ ಬೀದಿಯಲ್ಲಿ ಬಿದ್ದು ಊರಿಗೆ ಕಾಣುತ್ತದೆ. ಜೂಜು ಕಾಣುವುದು ಅಡವಿಟ್ಟ ಒಡವೆ ಹರಾಜಿಗೆ ಬಂದ ದಿನ.

ಆ ದಶಕಗಳಲ್ಲಿ ಜೂಜು ತಾನೇ ಬದಲಾಯಿತು. 1962ರಲ್ಲಿ ಕಲ್ಯಾಣ್‌ಜಿ ಭಗತ್, 1964ರಲ್ಲಿ ರತನ್ ಖತ್ರಿ ಮುಂಬಯಿಯಲ್ಲಿ ಹೂಡಿದ ಮಟ್ಕಾ, ಓಸಿ ಎಂಬ ಹೆಸರಿನಲ್ಲಿ ಕರ್ನಾಟಕದ ಪೆಟ್ಟಿಗೆ ಅಂಗಡಿಗಳವರೆಗೆ ಬಂತು. ಒಂದು ಚೀಟಿ, ಒಂದು ಸಂಖ್ಯೆ. ಆಡಲು ಯಾರ ಜೊತೆಯೂ ಕೂರಬೇಕಿಲ್ಲ. 1990ರ ದಶಕದಲ್ಲಿ ಒಂದಂಕಿ ಲಾಟರಿ ಬಸ್ ನಿಲ್ದಾಣಗಳನ್ನು ಆವರಿಸಿತು. ಕೂಲಿ ಪಡೆದು ಬಂದವನು ಬಸ್ಸಿಗೆ ಕಾಯುವಷ್ಟರಲ್ಲಿ ದಿನದ ದುಡಿಮೆ ಕಳೆದುಕೊಳ್ಳಬಹುದಾಗಿತ್ತು. ಒಂದಂಕಿ ಲಾಟರಿಯನ್ನು ಕೇಂದ್ರದ 1998ರ ಕಾಯಿದೆ ನಿಷೇಧಿಸಿತು, 2007ರಲ್ಲಿ ಎಚ್.ಡಿ. ಕುಮಾರಸ್ವಾಮಿ ಅವರ ಸರ್ಕಾರ ರಾಜ್ಯದಲ್ಲಿ ಲಾಟರಿ ಮಾರಾಟವನ್ನೇ ನಿಲ್ಲಿಸಿತು. ಅದೇ ವರ್ಷ ಜುಲೈ 1ರಿಂದ ಸಾರಾಯಿಯೂ ನಿಂತಿತು. ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆ ಹುಟ್ಟಿದ್ದೂ 2007ರಲ್ಲಿ. ಲಾಟರಿ ಅಂಗಡಿಗಳು ಬಾಗಿಲು ಹಾಕಿದ್ದರಿಂದ ಎಷ್ಟೋ ಮನೆಗಳು ಉಳಿದವು, ಇದನ್ನು ಒಪ್ಪದೆ ವಿಧಿಯಿಲ್ಲ. ಆದರೆ ಅಂಗಡಿ ಮುಚ್ಚಿದ ಮೇಲೆ ಅದರ ಮುಂದೆ ನಿಲ್ಲುತ್ತಿದ್ದವನಿಗೆ ಏನಾಯಿತೆಂದು ಯಾವ ಇಲಾಖೆಯೂ ಕೇಳಲಿಲ್ಲ.

ಚಟ ಬಿಟ್ಟವರನ್ನು ಒಟ್ಟುಗೂಡಿಸುವ ಕೆಲಸಕ್ಕೆ ಕರ್ನಾಟಕದಲ್ಲಿ ಕೈಹಾಕಿದ್ದು ಮಠ ಮತ್ತು ಕ್ಷೇತ್ರಗಳು. ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಮಹಾಂತ ಸ್ವಾಮಿಗಳು 1970ರ ದಶಕದಲ್ಲಿ ಜೋಳಿಗೆ ಹಿಡಿದು ಊರೂರು ಸುತ್ತಿ, ಕಾಳುಕಡಿ ಬೇಡ, ನಿಮ್ಮ ದುಶ್ಚಟಗಳನ್ನು ಭಿಕ್ಷೆ ಹಾಕಿ ಎಂದು ಕೇಳಿದರು. ಮಹಾಂತ ಜೋಳಿಗೆ ಎಂದು ಹೆಸರಾದ ಈ ಅಭಿಯಾನದ ನೆನಪಿಗೆ ಅವರ ಹುಟ್ಟುಹಬ್ಬವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಜೋಳಿಗೆಯಲ್ಲಿ ಬೀಡಿ, ಗುಟಕಾಗಳ ಜೊತೆ ಇಸ್ಪೀಟಿಗೂ ಜಾಗವಿತ್ತು. ಆದರೂ ಅದು ಆಣೆಯ ದಾರಿ: ಒಂದು ದಿನ, ಎಲ್ಲರೆದುರು, ಗುರುವಿನ ಮುಂದೆ. ಮರುವಾರ ಮನಸ್ಸು ಜಾರಿದಾಗ ಜೊತೆಗೆ ಕೂರುವವರ ಏರ್ಪಾಡು ಆಣೆಯಲ್ಲಿಲ್ಲ.

ಆ ಏರ್ಪಾಡು ಬಂದದ್ದು ಧರ್ಮಸ್ಥಳದಿಂದ. 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಗೆ ಒಂದು ದಶಕದ ಅನುಭವ ಕಲಿಸಿದ ಪಾಠ ಸರಳ: ರೈತನ ಆದಾಯ ಎಷ್ಟೇ ಹೆಚ್ಚಲಿ, ಮನೆಯ ಯಜಮಾನ ಕುಡಿದರೆ ಅದು ಮನೆ ಮುಟ್ಟುವುದಿಲ್ಲ. ಜನಜಾಗೃತಿ ವೇದಿಕೆಯ ಹೆಸರಿನಲ್ಲಿ ಎಂಟು ದಿನಗಳ ಮದ್ಯವರ್ಜನ ಶಿಬಿರಗಳು ಶುರುವಾದವು. ಆಸ್ಪತ್ರೆಯಲ್ಲಲ್ಲ, ಊರಿನ ಕಲ್ಯಾಣಮಂಟಪದಲ್ಲೋ ದೇವಸ್ಥಾನದಲ್ಲೋ. ಊಟದ ಖರ್ಚಿಗೆ ಊರವರೇ ಹೊಣೆ. ತಮಿಳುನಾಡಿನ ಮಂಜಕ್ಕುಡಿಯಲ್ಲಿ ಟಿ.ಟಿ. ರಂಗನಾಥನ್ ಪ್ರತಿಷ್ಠಾನ 1989ರಿಂದ ನಡೆಸಿದ ಗ್ರಾಮಶಿಬಿರಗಳಿಗೂ ಇವಕ್ಕೂ ಹೋಲಿಕೆಯಿದೆ, ಭಜನೆ ಮತ್ತು ಕ್ಷೇತ್ರದರ್ಶನ ಇಲ್ಲಿಯ ಸ್ವಂತ ಸೇರ್ಪಡೆ. ರಾಜ್ಯದಾದ್ಯಂತ ಶಿಬಿರಗಳಿಗೆ ಒಂದೇ ಕ್ರಮಸಂಖ್ಯೆ. ಅದು ಸಾವಿರ ದಾಟಿ ವರ್ಷಗಳಾದವು. ಯೋಜನೆ ಪೂರ್ವದ ಜಿಲ್ಲೆಗಳಿಗೆ ಹಬ್ಬಿದ ಮೇಲೆ ಚಿಕ್ಕಬಳ್ಳಾಪುರದ ತಾಲ್ಲೂಕುಗಳಲ್ಲೂ ಶಿಬಿರಗಳು ನಡೆದವು.

ಶಿಬಿರಕ್ಕಿಂತ ಮುಖ್ಯವಾದದ್ದು ಆಮೇಲಿನದು. ಶಿಬಿರ ಮುಗಿಸಿದವರು ತಮ್ಮೂರಿನಲ್ಲಿ ನವಜೀವನ ಸಮಿತಿ ಕಟ್ಟಿಕೊಂಡು ಮತ್ತೆ ಮತ್ತೆ ಸೇರುತ್ತಾರೆ. ಬಿಟ್ಟು ಎಷ್ಟು ವರ್ಷವಾಯಿತೆಂದು ಹೇಳಿಕೊಳ್ಳುತ್ತಾರೆ, ಜಾರಿದವನ ಮನೆಗೆ ಹೋಗಿ ಕರೆತರುತ್ತಾರೆ, ಮುಂದಿನ ಶಿಬಿರಕ್ಕೆ ಹೊಸಬರನ್ನು ಹುಡುಕುತ್ತಾರೆ. ಆಕ್ರನ್ನಿನ ಪದ್ಧತಿಗೆ ಎರಡು ಕಡೆ ಇದು ಪೂರ್ತಿ ಎದುರು. ಅಲ್ಲಿ ಹೆಸರು ಗುಟ್ಟು. ಇಲ್ಲಿ ಗಾಂಧಿ ಜಯಂತಿಯ ಸಮಾವೇಶದಲ್ಲಿ ಹೆಂಡತಿಯೊಂದಿಗೆ ವೇದಿಕೆ ಹತ್ತಿ ಹೆಸರು ಹೇಳುತ್ತಾರೆ. ಅಲ್ಲಿ ಮೇಲಧಿಕಾರಿಯಿಲ್ಲ, ಇಲ್ಲಿ ಕ್ಷೇತ್ರವಿದೆ, ಮಂಜುನಾಥನ ಆಣೆಯಿದೆ. ಹಳ್ಳಿಯಲ್ಲಿ ಯಾರು ಕುಡಿಯುತ್ತಾರೆಂಬುದು ಯಾರಿಗೂ ಗುಟ್ಟಲ್ಲವಾದ್ದರಿಂದ ಹೆಸರು ಮುಚ್ಚಿಡುವುದರಲ್ಲಿ ಅರ್ಥವೂ ಇರಲಿಲ್ಲ. ಜೂಜಿಗೆ ಈ ಮಾತು ಸಲ್ಲದು. ಸಾಲ ಎಷ್ಟಿದೆಯೆಂದು ಊರ ಮುಂದೆ ಹೇಳಿದವನಿಗೆ ನಾಳೆ ಬಿತ್ತನೆಬೀಜವೂ ಉದ್ರಿ ಸಿಗದು. ಕುಡಿತದ ಜೊತೆ ಇಸ್ಪೀಟನ್ನೂ ಬಿಟ್ಟವರು ನವಜೀವನ ಸಮಿತಿಗಳಲ್ಲಿ ಇಲ್ಲವೆಂದಲ್ಲ. ಆದರೆ ಕುಡಿಯದೆ ಬರೀ ಜೂಜಾಡಿ ಕೆಟ್ಟವನಿಗೆ ಆ ಬಾಗಿಲು ತನ್ನದೆನಿಸುವುದು ಕಷ್ಟ.

ಸಾಲದ ಪಟ್ಟಿ ಮಾಡುವ ವಿದ್ಯೆಯೂ ಈ ಸೀಮೆಗೆ ಹೊಸದಲ್ಲ. ಅವಿಭಜಿತ ಕೋಲಾರ ಜಿಲ್ಲೆ ಸ್ವಸಹಾಯ ಸಂಘಗಳ ತವರುಗಳಲ್ಲೊಂದು. ಮೈರಾಡ ಸಂಸ್ಥೆ 1980ರ ದಶಕದಲ್ಲೇ ಇಲ್ಲಿ ಕೆಲಸ ಮಾಡಿತ್ತು. 2000ದ ಸುಮಾರಿಗೆ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಪ್ರತಿ ಹಳ್ಳಿಗೂ ಒಂದು ಸಂಘ ಕೊಟ್ಟಿತು. ವಾರಕ್ಕೊಮ್ಮೆ ಸೇರಿ ಉಳಿತಾಯ, ಸಾಲ, ಕಂತುಗಳನ್ನು ಬರೆದಿಡುವ ಈ ಹೆಂಗಸರು ಗಂಡಂದಿರ ಜೂಜಿನ ಲೆಕ್ಕವನ್ನು ಯಾವ ವೈದ್ಯನಿಗಿಂತ ಮೊದಲೇ ಬಲ್ಲರು, ಏಕೆಂದರೆ ತಪ್ಪಿದ ಕಂತಿನ ಹಿಂದೆ ಇರುವುದು ಅದೇ. ಒಂದೇ ಊರಿನಲ್ಲಿ ಒಂದು ಕಡೆ ಚಟ ಬಿಟ್ಟ ಗಂಡಸರ ಸಮಿತಿ, ಇನ್ನೊಂದು ಕಡೆ ಸಾಲ ನಿಭಾಯಿಸುವ ಹೆಂಗಸರ ಸಂಘ. ಲಾಸ್ ಏಂಜಲೀಸ್‌ನವರು ಒಂದೇ ಕೋಣೆಯಲ್ಲಿ ಮಾಡಿದ ಎರಡು ಕೆಲಸಗಳು ಇಲ್ಲಿ ಎರಡು ಕಟ್ಟೆಗಳಲ್ಲಿ ಬೇರೆಬೇರೆಯಾಗಿ ಉಳಿದವು.

ವೈದ್ಯಶಾಸ್ತ್ರ ಜೂಜನ್ನು ರೋಗವೆಂದು ಬರೆದದ್ದು 1980ರಲ್ಲಿ, ಅಮೆರಿಕದ ಮನೋವೈದ್ಯರ ಕೈಪಿಡಿಯ ಮೂರನೆಯ ಆವೃತ್ತಿಯಲ್ಲಿ. 2013ರ ಐದನೆಯ ಆವೃತ್ತಿ ಅದನ್ನು ಮದ್ಯ, ಮಾದಕವಸ್ತುಗಳ ಪಂಕ್ತಿಗೆ ತಂದಿತು. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಜೂಜು ಮತ್ತು ಗೇಮಿಂಗ್ ಎರಡೂ ವ್ಯಸನಗಳಿವೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ಮೊಬೈಲ್ ಮತ್ತು ಅಂತರ್ಜಾಲದ ಅತಿಬಳಕೆಗೆಂದೇ ‘ಶಟ್’ ಚಿಕಿತ್ಸಾಲಯ ತೆರೆಯಿತು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮ ಮಂಗಳವಾರಗಳಂದು ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗೆ ತರುವ ಪ್ರಯತ್ನ ಮಾಡಿತು.

ಅಷ್ಟರಲ್ಲಿ ಜೂಜಿನ ಅಡ್ಡೆ ಜೇಬು ಸೇರಿತ್ತು. ಅಗ್ಗದ ಡೇಟಾ, ಯುಪಿಐ, ಐಪಿಎಲ್ ಮೂರೂ ಕೂಡಿಕೊಂಡು ತೋಪಿನ ಸುತ್ತನ್ನು ಅನಗತ್ಯ ಮಾಡಿದವು. ರೇಷ್ಮೆಗೂಡಿನ ಹಣ ಖಾತೆಗೆ ಬಂದ ಫೋನಿನಿಂದಲೇ ಅದು ಹೊರಗೂ ಹೋಗಬಹುದು. ಹಿಂದೆ ಕೈಸಾಲ ಕೊಡುತ್ತಿದ್ದವನ ಜಾಗದಲ್ಲಿ ಸಾಲದ ಆ್ಯಪ್ ಬಂತು. ಮನೆಯೊಳಗೆ, ಹೊದಿಕೆಯ ಕೆಳಗೆ ನಡೆಯುವ ಈ ಆಟಕ್ಕೆ ಕಲಂ 87 ತಾಕುವುದಿಲ್ಲ. ರಾಜ್ಯ ಸರ್ಕಾರ 2021ರ ಅಕ್ಟೋಬರ್‌ನಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕೌಶಲದಾಟದ ಗೆರೆಯನ್ನು ಮುಂದಿಟ್ಟು ಹೈಕೋರ್ಟು 2022ರ ಫೆಬ್ರವರಿ 14ರಂದು ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾಯಿದೆ ಮಾಡಿ, ಕೌಶಲವಿರಲಿ ಅದೃಷ್ಟವಿರಲಿ, ಹಣ ಕಟ್ಟುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸಿತು. 1957ರಿಂದ ನಡೆದುಬಂದ ವಾದವನ್ನು ಆ ಕಾಯಿದೆ ಪಕ್ಕಕ್ಕಿಟ್ಟಿತು. ಆಟ ನಡೆಸುವವರಿಗೆ ಅದರಲ್ಲಿ ಜೈಲು, ದಂಡ ಎರಡೂ ಇವೆ. ಆಡಿ ಕೆಟ್ಟವರು ಮತ್ತೆ ಒಂದೆಡೆ ಕೂರಲು ಬೇಕಾದ ಕೂಟವನ್ನು ಕಾಯಿದೆ ಕಟ್ಟಲಾರದು. ಅದನ್ನು ಕಟ್ಟಬಲ್ಲವರು ಜೂಜು ಬಿಟ್ಟವರೇ.

ಈ ಸೀಮೆಯಲ್ಲಿ ಜೂಜು ಬಿಡಬೇಕೆಂದವರಿಗೆ ಸದ್ಯ ಹತ್ತಿರವಿರುವ ಬಾಗಿಲುಗಳು ತಾಲ್ಲೂಕು ಆಸ್ಪತ್ರೆ, ಊರಿನ ನವಜೀವನ ಸಮಿತಿ, ಬೆಂಗಳೂರಿನ ನಿಮ್ಹಾನ್ಸ್. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಅಲ್ಲಿ ಕನ್ನಡದಲ್ಲಿ ಮಾತಾಡಬಹುದು, ಕರೆಗೆ ಹಣವಿಲ್ಲ.